ಪಂಚಮಿಯ ಉಂಡಿ, ಜೋಕಾಲಿ ಮತ್ತು ತವರು

ಶ್ರಾವಣವೆಂದರೆ ಮಠಮಾನ್ಯಗಳಲ್ಲಿ ಪುರಾಣ-ಪ್ರವಚನಗಳ ಕಾಲ. ತಿಂಗಳ ಪರ್ಯಂತ ಸಾಯಂಕಾಲ ಶರಣಚರಿತ್ರೆಯ ಪಠಣ ನಡೆಯುತ್ತದೆ. ಸೋಮವಾರಗಳಂದು ಭಕ್ತರು ಒಪ್ಪೊತ್ತು ಉಣ್ಣುತ್ತಾರೆ. ಆದರೆ ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ, ಎಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ, ಕೊಪ್ಪಳ, ಕಲಬುರಗಿಗಳ ಸೀಮೆಯಲ್ಲಿ, ಈ ಮಾಸದ ಮೊದಲನೆಯ ವಾರವು ಪುರಾಣಕ್ಕಿಂತ ಮುಂಚೆ ಮನೆಯ ಹೆಣ್ಣುಮಕ್ಕಳಿಗೆ ಮೀಸಲಾಗಿದೆ. ಶ್ರಾವಣ ಶುದ್ಧ ಪಂಚಮಿಯನ್ನು ಪಂಚಾಂಗವು ನಾಗರಪಂಚಮಿಯೆಂದು ಕರೆದರೂ ಈ ಸೀಮೆಯ ಜನ ಬರಿದೆ ‘ಪಂಚಮಿ’ ಎನ್ನುತ್ತಾರೆ. ವರ್ಷದಲ್ಲಿ ಇಪ್ಪತ್ತನಾಲ್ಕು ಪಂಚಮಿಗಳಿದ್ದರೂ ಹಾಗೆಂದಾಗ ಯಾರಿಗೂ ಸಂದೇಹ ಬರುವುದಿಲ್ಲ. ಹೆಸರಿನಿಂದ ನಾಗನು ಹೀಗೆ ಜಾರಿಹೋದುದು ಆಕಸ್ಮಿಕವೇ, ಅಥವಾ ಹಬ್ಬದ ಒಳಗಣ ತಿರುಳು ಬೇರೆಯೇ ಒಂದಿದೆಯೇ ಎಂಬುದು ವಿಚಾರಾರ್ಹವಾದ ವಿಷಯ. ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವ ಮನೆಗಳಿಗಂತೂ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಕಲ್ಲಿನ ನಾಗನಿಗೆ ಹಾಲೆರೆಯುವುದನ್ನು ಬಸವಣ್ಣನವರು ನೇರವಾಗಿ ಪ್ರಶ್ನಿಸಿದ್ದಾರೆ. ಆ ವಚನವನ್ನು ಬಾಯಿಪಾಠ ಮಾಡಿದ ಮನೆಗಳಲ್ಲಿಯೇ ಎಂಟು ಶತಮಾನಗಳ ನಂತರವೂ ಪಂಚಮಿ ದೊಡ್ಡ ಹಬ್ಬವಾಗಿ ಉಳಿದಿದೆ.

ನಾಗಾರಾಧನೆಯ ಪ್ರಾಚೀನತೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪವು ಕನ್ನಡನಾಡಿನ ಅತಿ ಹಳೆಯ ಶಿಲ್ಪಗಳಲ್ಲೊಂದು. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಚುಟು ವಂಶದ ಕಾಲದ ಈ ಶಾಸನವು ನಾಗಪ್ರತಿಮೆಯನ್ನೂ ಅದರೊಡನೆ ಒಂದು ಕೆರೆಯನ್ನೂ ವಿಹಾರವನ್ನೂ ದಾನಮಾಡಿದುದನ್ನು ತಿಳಿಸುತ್ತದೆ. ಶಿಲ್ಪವನ್ನು ಕಡೆದವನು ಜಯಂತೀಪುರದ ದಾಮೋರಕನ ಶಿಷ್ಯನಾದ ನಟಕನೆಂದೂ ಹೇಳುತ್ತದೆ. ದಾನ ಕೊಟ್ಟವಳು ಒಬ್ಬ ಹೆಣ್ಣುಮಗಳು, ಶಿವಖದನಾಗಸಿರಿ. ಆಕೆಯನ್ನು ಶಾಸನವು ಮಹಾರಾಜನ ಮಗಳೆಂದು ಗುರುತಿಸುತ್ತದೆ. ಮಕ್ಕಳ ತಾಯಿಯಾದ ಮೇಲೂ ತಂದೆಯ ಮಗಳೆಂಬ ಗುರುತಿನಲ್ಲಿಯೇ ನಾಗನ ಮುಂದೆ ನಿಂತ ಈ ರಾಜಪುತ್ರಿಗೂ ಇಂದಿನ ಪಂಚಮಿಗೂ ನೇರ ಸಂಬಂಧ ಕಲ್ಪಿಸುವುದು ಸಾಹಸವಾದೀತು. ಆದರೂ ಈ ಸಾದೃಶ್ಯವು ಗಮನಕ್ಕೆ ಬಾರದೆ ಇರದು. ಬಾದಾಮಿಯ ಮೊದಲನೆಯ ಗುಹೆಯ ಒಳಮಾಡಿನಲ್ಲಿ ಸುರುಳಿ ಸುತ್ತಿಕೊಂಡಿರುವ ನಾಗರಾಜನೂ, ಹನ್ನೆರಡನೆಯ ಶತಮಾನದಲ್ಲಿ ಯಲಬುರ್ಗೆಯಿಂದ ಕಿಸುಕಾಡು, ಬಾಗಡಗೆ ಪ್ರದೇಶಗಳನ್ನು ಆಳಿದ, ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡ ಸಿಂದರೂ ಇದೇ ಸೀಮೆಗೆ ಸೇರಿದವರು. ಪಂಚಮಿ ಇಂದು ಅತ್ಯಂತ ಸಂಭ್ರಮದಿಂದ ನಡೆಯುವುದು ಈ ನೆಲದಲ್ಲಿಯೇ.

ಪೌರಾಣಿಕರು ಹಬ್ಬಕ್ಕೆ ಜನಮೇಜಯನ ಸರ್ಪಯಾಗದ ಕಥೆಯನ್ನು ಜೋಡಿಸುತ್ತಾರೆ. ಆಸ್ತೀಕನು ಯಾಗವನ್ನು ನಿಲ್ಲಿಸಿ ನಾಗಕುಲವನ್ನು ಉಳಿಸಿದ ದಿನವಿದು ಎಂಬುದು ನಂಬಿಕೆ. ಹಳ್ಳಿಯ ಹೆಂಗಸರು ಹೇಳುವ ಕಥೆ ಬೇರೆ. ಒಬ್ಬ ಒಕ್ಕಲಿಗನು ಹೊಲ ಉಳುವಾಗ ಅವನ ನೇಗಿಲ ಗುಳಕ್ಕೆ ಸಿಕ್ಕು ಹಾವಿನ ಮರಿಗಳು ಸತ್ತವು. ತಾಯಿ ನಾಗಿಣಿಯು ಸಿಟ್ಟಿನಿಂದ ರಾತ್ರಿ ಮನೆಹೊಕ್ಕು ಅವನನ್ನೂ ಹೆಂಡತಿ ಮಕ್ಕಳನ್ನೂ ಕಚ್ಚಿತು. ಪರವೂರಿಗೆ ಕೊಟ್ಟ ಮಗಳೊಬ್ಬಳು ಉಳಿದಿದ್ದಳು. ಅವಳನ್ನೂ ಮುಗಿಸಲೆಂದು ನಾಗಿಣಿ ಅಲ್ಲಿಗೆ ಹೋದರೆ, ಆಕೆ ಮಣ್ಣಿನ ನಾಗನನ್ನು ಮಾಡಿಟ್ಟು ಹಾಲೆರೆಯುತ್ತ ಕುಳಿತಿದ್ದಳು. ನಾಗಿಣಿಯ ಮನಸ್ಸು ಕರಗಿತು. ಮಗಳು ಬೇಡಿಕೊಂಡುದರಿಂದ ತವರಿನವರೆಲ್ಲ ಜೀವ ಪಡೆದರು. ಮಹಾರಾಷ್ಟ್ರದಲ್ಲಿಯೂ ಈ ಕಥೆ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಪ್ರಚಾರದಲ್ಲಿದೆ. ಪಂಚಮಿಯಂದು ನೇಗಿಲು ಹೂಡಬಾರದು, ನೆಲ ಅಗೆಯಬಾರದು ಎಂಬ ಕಟ್ಟಳೆಗೆ ಕಾರಣ ಹೇಳುವ ಕಥೆಯಿದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಸರಿಯೇ. ಆದರೆ ಕಥೆಯಲ್ಲಿ ಮನೆತನವನ್ನು ಉಳಿಸಿದವರು ಯಾರೆಂಬುದನ್ನು ನೋಡಬೇಕು. ಮನೆಯಲ್ಲಿದ್ದ ಗಂಡುಮಕ್ಕಳಲ್ಲ, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಲೋಕ ಯಾರನ್ನು ಹೊರಗಿಟ್ಟಿತೋ ಆ ಮಗಳು. ಈ ಕಥೆಯನ್ನು ಹೇಳಿಕೊಂಡು ಬಂದವರೂ ಅಂಥ ಹೆಣ್ಣುಮಕ್ಕಳೇ.

ಬಯಲುಸೀಮೆಯ ಬೇಸಾಯಕ್ಕೂ ಈ ಹಬ್ಬಕ್ಕೂ ಹೊಂದಿಕೆಯಿದೆ. ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣೆತ್ತುಗಳನ್ನು ಪೂಜಿಸಿ ಮುಂಗಾರಿ ಬಿತ್ತನೆಯ ಕೆಲಸ ಮುಗಿಸಿದ ರೈತನಿಗೆ ಶ್ರಾವಣದ ಹೊತ್ತಿಗೆ ಎರೆಯ ಹೊಲದಲ್ಲಿ ಕಾಲಿಡಲು ಬರುವುದಿಲ್ಲ. ಕೆಸರು ಮೊಣಕಾಲಿಗೆ ಹತ್ತುತ್ತದೆ. ಹಿಂಗಾರಿ ಜೋಳದ ಬಿತ್ತನೆಗೆ ಇನ್ನೂ ಅವಕಾಶವಿರುತ್ತದೆ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಮಣ್ಣಿನಿಂದ ಮಾಡಿ ಪೂಜಿಸುವ ಐದು ದೇವತೆಗಳ ಸಾಲು ಈ ಮಳೆಗಾಲದ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಪಂಚಮಿಯು ಆ ಸಾಲಿನ ನಡುವಿನದು. ಅಣ್ಣನಿಗೆ ಬಂಡಿ ಹೂಡಿ ತಂಗಿಯ ಊರಿಗೆ ಹೋಗಲು ಬಿಡುವು ಸಿಗುವುದು ಆಗಲೇ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ, ಹಗೇವಿನ ಕಾಳು ತಳ ಕಂಡಿರುತ್ತದೆ. ಅಂಥ ಕಾಲದಲ್ಲಿ ಇಷ್ಟೊಂದು ಸಿಹಿಯ ಹಬ್ಬವನ್ನು ಮಾಡುವುದೆಂದರೆ ಮನೆಯ ಯಜಮಾನಿಗೆ ಸುಲಭದ ಮಾತಲ್ಲ. ವರ್ಷದ ಮೊದಲಿನಿಂದಲೇ ಎಳ್ಳು ಬೆಲ್ಲಗಳನ್ನು ತೆಗೆದಿರಿಸಿಕೊಂಡು ಬಂದಿರಬೇಕು.

ಹಬ್ಬವು ನಾಗರ ಅಮಾವಾಸ್ಯೆಯಿಂದ ಆರಂಭವಾಗುತ್ತದೆ. ಮೊದಲು ರೊಟ್ಟಿಪಂಚಮಿ. ಅಂದು ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗಳನ್ನು ಬಡಿದು, ನಾಲ್ಕಾರು ಬಗೆಯ ಪಲ್ಲೆ ಚಟ್ನಿಗಳೊಡನೆ ಓಣಿಯ ಮನೆಮನೆಗೆ ಹಂಚುತ್ತಾರೆ. ಕೊಟ್ಟ ಮನೆಗಳಿಂದ ಅಷ್ಟೇ ರೊಟ್ಟಿ ಮರಳಿ ಬರುತ್ತವೆ. ಆಮೇಲೆ ಚೌತಿ, ಪಂಚಮಿಗಳಂದು ಹಾಲೆರೆಯುವುದು. ಒಂದು ದಿನ ಮನೆಯೊಳಗಣ ಮಣ್ಣಿನ ನಾಗಪ್ಪನಿಗೆ, ಇನ್ನೊಂದು ದಿನ ಊರ ಹೊರಗಿನ ಹುತ್ತಕ್ಕೋ ಕಟ್ಟೆಯ ಕಲ್ಲಿಗೋ. ಊರಿಂದೂರಿಗೆ ಈ ಕ್ರಮ ಸ್ವಲ್ಪ ಬೇರೆಯಾಗುತ್ತದೆ. ಪಂಚಮಿಯಂದು ಒಲೆಯ ಮೇಲೆ ಹಂಚು ಇಡಬಾರದು, ಹುರಿಯಬಾರದು, ಕರಿಯಬಾರದು, ಹೆಚ್ಚಬಾರದು. ಕುದಿಸಿದ ಕಡಬು, ನೆನೆಸಿದ ಕಾಳು, ಉಸಳಿಗಳೇ ಅಂದಿನ ಆಹಾರ. ಹೀಗಾಗಿ ಹಬ್ಬದ ತಿನಿಸುಗಳೆಲ್ಲ ಮುಂಚಿತವಾಗಿಯೇ ಸಿದ್ಧವಾಗಬೇಕಾಗುತ್ತದೆ. ಸಿದ್ಧವಾದುದು ಕೆಡದೆ ಉಳಿಯಬೇಕು. ದೂರದ ಊರಿಗೆ ಬುತ್ತಿಯಾಗಿ ಹೋಗುವಂತಿರಬೇಕು. ಈ ಮೂರು ಅಗತ್ಯಗಳಿಗೆ ಉತ್ತರವಾಗಿ ಬಂದದ್ದೇ ಉಂಡಿ.

ಮೈಸೂರು ಸೀಮೆಯವರು ‘ಉಂಡೆ’ ಎನ್ನುವುದನ್ನು ಇಲ್ಲಿ ‘ಉಂಡಿ’ ಎನ್ನುತ್ತಾರೆ. ಎಳ್ಳುಂಡಿ, ತಂಬಿಟ್ಟಿನ ಉಂಡಿ, ಶೇಂಗಾ ಉಂಡಿ, ಪುಟಾಣಿ ಉಂಡಿ, ಚುರಮುರಿ ಉಂಡಿ, ರವೆಯ ಉಂಡಿ, ಬೇಸನ್ನಿನ ಉಂಡಿ, ಗುಳ್ಳಡಕಿ ಉಂಡಿ, ಬಾಣಂತಿಯಿದ್ದ ಮನೆಯಲ್ಲಿ ಅಂಟಿನುಂಡಿ: ಬಡವರ ಮನೆಯಲ್ಲಿಯೂ ಎರಡು ಮೂರು ಬಗೆಗೆ ಕಡಿಮೆಯಿಲ್ಲ. ಇವುಗಳ ಪಟ್ಟಿಯನ್ನು ಇತಿಹಾಸದ ದೃಷ್ಟಿಯಿಂದ ನೋಡಿದರೆ ಒಂದರ ಮೇಲೊಂದು ಬಿದ್ದ ಮಣ್ಣಿನ ಪದರುಗಳಂತೆ ಕಾಣುತ್ತವೆ. ತಳದಲ್ಲಿ ಎಳ್ಳು, ಅರಳು ಮತ್ತು ತಂಬಿಟ್ಟುಗಳಿವೆ. ಜೋಳವನ್ನು ಹುರಿದು ಅರಳು ಮಾಡುವುದು, ಅರಳನ್ನು ಬೀಸಿ ಅರಳಿಟ್ಟು ಮಾಡುವುದು, ಹುರಿದ ಧಾನ್ಯದ ಹಿಟ್ಟಿಗೆ ಬೆಲ್ಲ ಬೆರೆಸಿ ತಂಬಿಟ್ಟು ಕಟ್ಟುವುದು, ಇವಕ್ಕೆ ಎಣ್ಣೆಯ ಬಾಣಲೆಯೂ ಬೇಡ, ಸಕ್ಕರೆಯೂ ಬೇಡ. ನಾಗನ ಮುಂದೆ ಎಡೆಯಾಗಿ ಇಂದಿಗೂ ತಪ್ಪದೆ ಇಡುವುದು ಇವನ್ನೇ ಎಂಬುದು ಇವುಗಳ ಹಳೆತನಕ್ಕೆ ಸಾಕ್ಷಿ. ಎಡೆಗೆ ಹಳೆಯದು, ತಿನ್ನಲಿಕ್ಕೆ ಹೊಸದು ಎಂಬ ಭೇದವನ್ನು ಅಡಿಗೆಮನೆಯು ತಾನಾಗಿ ಕಾಪಾಡಿಕೊಂಡು ಬಂದಿದೆ.

ಶೇಂಗಾ ಉಂಡಿಯಿಲ್ಲದ ಪಂಚಮಿಯನ್ನು ಈಗ ಊಹಿಸುವುದು ಕಷ್ಟ. ಆದರೆ ಶೇಂಗಾ ಈ ನೆಲದ ಬೆಳೆಯಲ್ಲ; ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಸಮುದ್ರದ ದಾರಿಯಿಂದ ಭಾರತಕ್ಕೆ ಬಂದುದು. ಕಲ್ಲಹಳ್ಳಿಯ ಮೂರನೆಯ ಮಂಗರಸನು ಸುಮಾರು ೧೫೦೮ರಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವು ಪಿಷ್ಟಪಾಕದಿಂದಲೇ, ಎಂದರೆ ಹಿಟ್ಟಿನ ತಿನಿಸುಗಳಿಂದಲೇ ಆರಂಭವಾಗುತ್ತದೆ. ಆ ಅಡಿಗೆಯವರಿಗೆ ಶೇಂಗಾದ ಪರಿಚಯವಿರಲು ಸಾಧ್ಯವಿರಲಿಲ್ಲ. ಎರೆಯ ಸೀಮೆಯ ಒಕ್ಕಲಿಗನು ಇದನ್ನು ಹಣದ ಬೆಳೆಯಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯತೊಡಗಿದುದು ಈಚಿನ ಮಾತು. ರವೆಯುಂಡಿಯೂ ಹಾಗೆಯೇ, ಗಿರಣಿಯ ರವೆ, ಕಾರಖಾನೆಯ ಸಕ್ಕರೆಗಳು ಪೇಟೆಗೆ ಬಂದ ಮೇಲೆ ಹಳ್ಳಿಯ ಮನೆಗಳಿಗೆ ಬಂದುದು. ‘ಅಜ್ಜಿಯ ಕಾಲದಿಂದಲೂ ಹೀಗೆಯೇ’ ಎಂದು ಹೇಳಲಾಗುವ ಸಂಪ್ರದಾಯದ ಅರ್ಧ ಭಾಗ ಹೀಗೆ ಅಜ್ಜಿಯ ಕಾಲದಲ್ಲಿಯೇ ಆರಂಭವಾದುದು. ಇದರಿಂದ ಹಬ್ಬದ ಮಹತ್ವ ಕಡಿಮೆಯಾಗುವುದಿಲ್ಲ. ಕೈಗೆ ಬಂದ ಹೊಸ ಕಾಳನ್ನೆಲ್ಲ ಬೆಲ್ಲದ ಪಾಕಕ್ಕೆ ಹಾಕಿ ಮಗಳ ಬುತ್ತಿಗೆ ಸೇರಿಸಿದ ತಾಯಂದಿರು ಸಂಪ್ರದಾಯವನ್ನು ಬೆಳೆಸಿದರೇ ಹೊರತು ಕೆಡಿಸಲಿಲ್ಲ.

ಪಾಕದ ಹದ ಹಿಡಿಯುವುದು ಒಂದು ವಿದ್ಯೆ. ಕುದಿಯುವ ಬೆಲ್ಲದ ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟಾಗ ಅದು ಕರಗದೆ ಮುದ್ದೆಯಾಗಬೇಕು. ಹೊತ್ತು ಮೀರಿದರೆ ಉಂಡಿ ಕಲ್ಲಾಗುತ್ತದೆ, ಮುಂಚೆಯೇ ಇಳಿಸಿದರೆ ಕೈಯಲ್ಲಿ ಉದುರುತ್ತದೆ. ಬಿಸಿ ಆರುವುದರೊಳಗೆ ಕಟ್ಟಿ ಮುಗಿಸಬೇಕಾದುದರಿಂದ ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ. ಓಣಿಯ ನಾಲ್ಕು ಹೆಂಗಸರು ಇಂದು ಈ ಮನೆಯಲ್ಲಿ, ನಾಳೆ ಆ ಮನೆಯಲ್ಲಿ ಕೂಡಿ ಉಂಡಿ ಕಟ್ಟುತ್ತಾರೆ. ಅಂಗೈ ಕೆಂಪಾಗುವ ಆ ಕೆಲಸದ ನಡುವೆಯೇ ಯಾರ ಮಗಳು ಬರುತ್ತಾಳೆ, ಯಾರ ಮಗಳನ್ನು ಅತ್ತೆಮನೆಯವರು ಕಳಿಸಲೊಲ್ಲರು ಎಂಬ ಸುದ್ದಿ ತಿಳಿಯುವುದು. ಕಲಿಕೆಯೂ ಅಲ್ಲಿಯೇ ನಡೆಯುವುದು. ಉಂಡಿಯ ಹದವನ್ನು ಪುಸ್ತಕದಿಂದ ಕಲಿತ ಹೆಣ್ಣುಮಗಳು ಈ ಸೀಮೆಯಲ್ಲಿ ವಿರಳ.

ತಿನಿಸೇ ಆಟದ ಸಾಮಾನಾಗುವ ವಿಶೇಷವೂ ಈ ಹಬ್ಬದಲ್ಲಿದೆ. ಹಾಲೆರೆಯಲು ಕೊಬ್ಬರಿ ಬಟ್ಟಲನ್ನು, ಎಂದರೆ ಒಣಕೊಬ್ಬರಿಯ ಅರ್ಧ ಹೋಳನ್ನು ಬಳಸುತ್ತಾರೆ. ಪೂಜೆ ಮುಗಿದುದೇ ತಡ, ಹುಡುಗರು ಅದಕ್ಕೆ ಎರಡು ತೂತು ಕೊರೆದು ದಾರ ಪೋಣಿಸಿ, ಹುರಿ ಹಾಕಿ ಎಳೆದು ಬಿಟ್ಟು ಗರಗರನೆ ತಿರುಗಿಸುತ್ತಾರೆ. ದಿನವಿಡೀ ಅದರ ಸಪ್ಪಳ ಓಣಿಯಲ್ಲಿ ಕೇಳುತ್ತದೆ. ಸಂಜೆಯ ಹೊತ್ತಿಗೆ ಬಟ್ಟಲಿನ ಅಂಚು ಒಂದೊಂದೇ ಕಡಿತಕ್ಕೆ ಸವೆದು, ಆಟದ ಸಾಮಾನು ಹೊಟ್ಟೆಗೆ ಸೇರಿರುತ್ತದೆ. ಗಂಡಸರದು ಪಂಥದ ಆಟಗಳು. ಈ ಊರ ಅಗಸೆಯಿಂದ ಆ ಊರ ಗುಡಿಯವರೆಗೆ ಇಷ್ಟೇ ಎಸೆತಗಳಲ್ಲಿ ನಿಂಬೆಹಣ್ಣನ್ನು ಮುಟ್ಟಿಸುತ್ತೇನೆ ಎಂದು ಒಬ್ಬನು ಪಂಥ ಕಟ್ಟುತ್ತಾನೆ. ಹಣ್ಣು ಬಿದ್ದಲ್ಲಿಂದ ಮತ್ತೆ ಎಸೆಯುತ್ತ ಹೋಗುವ ಅವನ ಹಿಂದೆ ಅರ್ಧ ಊರೇ ಕೆಸರು ತುಳಿಯುತ್ತ ಹೋಗುತ್ತದೆ. ಕುಂಟುತ್ತ ಹೋಗುವುದು, ಕಣ್ಣು ಕಟ್ಟಿಕೊಂಡು ನಡೆಯುವುದು, ಭಾರ ಹೊತ್ತು ಓಡುವುದು ಮುಂತಾದ ಪಂಥಗಳೂ ಇವೆ. ಗೆದ್ದವನಿಗೆ ತೆಂಗಿನಕಾಯಿಯೋ ಹಣವೋ ದೊರೆಯುತ್ತದೆ. ಹಣದ ಪಂಥ ಇಸ್ಪೀಟಿನ ಕಟ್ಟೆಗೆ ಇಳಿದು ಶ್ರಾವಣ ಮುಗಿಯುವವರೆಗೂ ಮೇಲೇಳದ ಮನೆತನಗಳೂ ಇದ್ದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಮಳೆ ಹಿಡಿದ ದಿನ ಪಡಸಾಲೆಯಲ್ಲಿ ಕವಡೆ, ಚೌಕಾಬಾರ, ಅಣ್ಣೆಕಲ್ಲುಗಳು ನಡೆಯುತ್ತವೆ.

ಇವೆಲ್ಲಕ್ಕೂ ಹೆಚ್ಚಿನದು ಜೋಕಾಲಿ. ಬೇವು, ಹುಣಸೆ, ಆಲದ ಗಟ್ಟಿ ಟೊಂಗೆಗೆ ಬಂಡಿಯ ಹೇರು ಬಿಗಿಯುವ ದಪ್ಪ ಹಗ್ಗವನ್ನೇ ಕಟ್ಟಿ, ಅಡ್ಡಹಲಗೆಯ ಮೇಲೆ ಇಬ್ಬರು ಎದುರುಬದುರಾಗಿ ನಿಂತು ಸರದಿಯಂತೆ ಮೊಣಕಾಲು ಬಾಗಿಸಿ ಜೀಕುತ್ತಾರೆ. ಮರವಿಲ್ಲದ ಓಣಿಯಲ್ಲಿ ಪಡಸಾಲೆಯ ತೊಲೆಗೇ ಹಗ್ಗ ಬೀಳುತ್ತದೆ. ಇದು ಮಕ್ಕಳ ಆಟವಲ್ಲ; ಮದುವೆಯಾಗಿ ನಾಲ್ಕು ಮಕ್ಕಳ ತಾಯಿಯಾದವಳೂ ಕಚ್ಚೆ ಬಿಗಿದು ನಿಲ್ಲುತ್ತಾಳೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಕ್ರೀಡೆಗಳನ್ನು ವಿವರಿಸಿದ್ದಾನೆ, ಅವುಗಳಲ್ಲಿ ಆಂದೋಲನಕ್ರೀಡೆ, ಎಂದರೆ ತೂಗುಯ್ಯಾಲೆಯ ಆಟವೂ ಒಂದು. ಪಗಡೆಯ ಪಾಶಕಕ್ರೀಡೆ, ಕವಡೆಯ ವರಾಟಿಕಾಕ್ರೀಡೆಗಳೂ ಅಲ್ಲಿವೆ. ಅರಸನ ಗ್ರಂಥದಲ್ಲಿ ಇವು ಅಂತಃಪುರದ ವಿನೋದಗಳು. ಅದೇ ಕಲ್ಯಾಣದ ಬೀದಿಗಳಲ್ಲಿ ಒಂದು ತಲೆಮಾರಿನ ನಂತರ ಬಸವಣ್ಣನವರು ನಡೆದಾಡಿದರು. ಅರಮನೆಯ ಆಂದೋಲನಕ್ಕೆ ಬೇಕಾದುದು ಅಲಂಕಾರದ ಕಂಬ, ಸರಪಳಿಗಳು. ಒಕ್ಕಲಗಿತ್ತಿಗೆ ಬೇವಿನ ಟೊಂಗೆ ಸಾಕಾಗಿತ್ತು. ಮೇಲಿನವರಿಂದ ಕೆಳಗಿನವರು ಕಲಿತರೆಂದು ಭಾವಿಸುವುದಕ್ಕಿಂತ, ಊರ ಹೊರಗಿನ ಮರದಿಂದ ಉಯ್ಯಾಲೆ ಅರಮನೆಯ ಒಳಗೆ ಹೋಯಿತೆಂದು ಭಾವಿಸುವುದೇ ಹೆಚ್ಚು ಸಹಜವೆನ್ನಿಸುತ್ತದೆ.

ರಾಜಸ್ಥಾನ ಮತ್ತು ಉತ್ತರ ಹಿಂದುಸ್ಥಾನಗಳಲ್ಲಿ ಶ್ರಾವಣ ಶುದ್ಧ ತದಿಗೆಯ ತೀಜ್ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಯ್ಯಾಲೆ ಆಡುತ್ತಾರೆ. ಮಹಾರಾಷ್ಟ್ರದಲ್ಲಿ ಪಂಚಮಿಗೆ ಹಾಗೆಯೇ. ಅಲ್ಲಿಯ ತೀಜಿನಲ್ಲಿ ನಾಗನಿಲ್ಲ, ಪಾರ್ವತಿಯಿದ್ದಾಳೆ. ದೇವತೆ ಬದಲಾದರೂ ಮಳೆ, ಮಗಳು, ಉಯ್ಯಾಲೆ ಬದಲಾಗಿಲ್ಲ. ಇನ್ನು ತುಳುನಾಡಿನ ಕಡೆಗೆ ತಿರುಗಿದರೆ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿ ಪಂಚಮಿಯೆಂದರೆ ಮೂಲಮನೆಯ ನಾಗಬನಕ್ಕೆ ಕುಟುಂಬದವರೆಲ್ಲ ಸೇರಿ ತನು ಎರೆಯುವ ದಿನ; ಅರಿಸಿನದ ಎಲೆಯಲ್ಲಿ ಬೇಯಿಸಿದ ಕಡುಬು ಅಂದಿನ ವಿಶೇಷ. ನಾಗನೇ ಅಲ್ಲಿ ಕೇಂದ್ರ. ಮೈಸೂರು ಸೀಮೆಯಲ್ಲಿ ಒಡಹುಟ್ಟಿದವರ ಬೆನ್ನಿಗೆ ಹಾಲು ಹಚ್ಚಿ ಹರಸುವ ಅಕ್ಕತಂಗಿಯರಿಗೆ ಅಣ್ಣತಮ್ಮಂದಿರು ಉಡುಗೊರೆ ಕೊಡುತ್ತಾರೆ. ಅದು ಎರಡರ ನಡುವಿನ ಹಾದಿ. ಉತ್ತರದ ಬಯಲಿಗೆ ಬಂದಾಗ ನಾಗನು ಹಿನ್ನೆಲೆಗೆ ಸರಿದು ಮಗಳು ಮುಂದೆ ಬರುತ್ತಾಳೆ.

ಈಗ ವಚನದ ಪ್ರಶ್ನೆಗೆ ಬರಬಹುದು. ಶಿಲೆಯಲ್ಲಿ ಕಡೆದ ಸರ್ಪಕ್ಕೆ ಕ್ಷೀರ ಸಲ್ಲಿಸುವವರೇ ಜೀವಂತ ಸರ್ಪವು ಎದುರಾದಾಗ ಬಡಿಗೆ ಹುಡುಕುತ್ತಾರೆ ಎಂಬುದು ಬಸವಣ್ಣನವರ ಆ ಪ್ರಸಿದ್ಧ ವಚನದ ಮೊದಲ ಭಾಗದ ಆಶಯ. ಮೌಢ್ಯಖಂಡನೆಯ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಕೇಳಿಬರುತ್ತದೆ. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಉಣ್ಣಬಲ್ಲ ಜಂಗಮನು ಹಸಿದು ಬಂದಾಗ ಮುಂದೆ ಹೋಗೆಂದು ಕಳಿಸಿ, ಉಣ್ಣದ ಲಿಂಗದ ಮುಂದೆ ಬೋನವನ್ನಿಡುವವರನ್ನೂ ಅದು ಅದೇ ಉಸಿರಿನಲ್ಲಿ ಟೀಕಿಸುತ್ತದೆ. ಅನ್ಯರ ಆಚಾರವನ್ನು ಹಳಿದು ತಮ್ಮವರನ್ನು ಬಿಟ್ಟ ಮಾತು ಇದಲ್ಲ. ಪೆಟ್ಟಿನ ಹೆಚ್ಚಿನ ಭಾಗ ಬಿದ್ದಿರುವುದು ಸ್ವಂತ ಭಕ್ತರ ಮೇಲೆಯೇ. ಹಾಗೆಂದು ‘ಬಸವಣ್ಣನವರು ಖಂಡಿಸಿದುದು ಕಪಟವನ್ನು ಮಾತ್ರ, ನಾಗಪೂಜೆಯನ್ನಲ್ಲ’ ಎಂದು ಸಮಾಧಾನ ಹೇಳಿಕೊಳ್ಳುವುದೂ ಪ್ರಾಮಾಣಿಕವೆನಿಸದು. ಏಕದೇವನಿಷ್ಠೆಯ ಇಷ್ಟಲಿಂಗಮಾರ್ಗದಲ್ಲಿ ಹುತ್ತಕ್ಕೆ ಸ್ಥಾನವಿಲ್ಲ ಎಂಬುದು ಸ್ಪಷ್ಟ. ಹಾವು ಹಾಲನ್ನು ಆಹಾರವಾಗಿ ಸೇವಿಸುವ ಪ್ರಾಣಿಯಲ್ಲವೆಂದು ಈಗ ಶಾಲೆಯ ಮಕ್ಕಳಿಗೂ ತಿಳಿದಿದೆ. ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳದಲ್ಲಿ ಜೀವಂತ ನಾಗಗಳನ್ನೇ ಹಿಡಿದು ತಂದು ಪೂಜಿಸುತ್ತಿದ್ದ ರೂಢಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಅನಂತರದ ನ್ಯಾಯಾಲಯದ ಆದೇಶಗಳೂ ಕಡಿವಾಣ ಹಾಕಿದವು. ಪೂಜೆಯಿಂದ ಹಾವಿಗೆ ಒಳಿತಾಗುತ್ತಿರಲಿಲ್ಲ ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಹಾಗಿದ್ದರೆ ಶರಣರ ಮನೆಗಳು ಪಂಚಮಿಯನ್ನು ಬಿಡದೆ ಇದ್ದುದೇಕೆ? ಮುದ್ರಿತ ವಚನಗಳು ಜನಸಾಮಾನ್ಯರ ಕೈಗೆ ಬಂದುದು ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ೧೯೨೩ರಲ್ಲಿ ಪ್ರಕಟವಾದ ಮೇಲೆ, ಅದಕ್ಕೆ ಮುಂಚೆ ಹೆಂಗಸರಿಗೆ ವಚನಗಳ ಪರಿಚಯ ಕಡಿಮೆಯಿತ್ತು ಎಂಬ ಉತ್ತರವನ್ನು ಕೊಡಬಹುದು. ಅದು ಪೂರ್ತಿ ಸಮರ್ಪಕವಲ್ಲ. ೧೯೨೩ರ ನಂತರವೂ ಹಬ್ಬ ಕುಗ್ಗಲಿಲ್ಲ. ಮಣ್ಣಿನ ನಾಗನನ್ನು ಇಡುವುದನ್ನೇ ನಿಲ್ಲಿಸಿದ ಮನೆಗಳಲ್ಲಿ ಕೂಡ ಉಂಡಿ ಕಟ್ಟುವುದು ನಿಲ್ಲಲಿಲ್ಲ, ಜೋಕಾಲಿ ಇಳಿಯಲಿಲ್ಲ, ಅಣ್ಣ ತಂಗಿಯನ್ನು ಕರೆಯಹೋಗುವುದು ತಪ್ಪಲಿಲ್ಲ. ಇದಕ್ಕೆ ವಿರುದ್ಧವಾಗಿ, ಹೆಣ್ಣುಮಗಳು ಬರಲಾಗದ ವರ್ಷ ಎಷ್ಟು ಹಾಲೆರೆದರೂ ಆ ಮನೆಯಲ್ಲಿ ಹಬ್ಬವಾಯಿತೆಂದು ಯಾರೂ ಹೇಳುವುದಿಲ್ಲ. ಪಂಚಮಿ ನಿಂತಿರುವ ಕಂಬ ಯಾವುದೆಂಬುದು ಇದರಿಂದ ತಿಳಿಯುತ್ತದೆ.

ಆ ಕಂಬದ ಭಾರವೆಷ್ಟೆಂಬುದನ್ನು ಜನಪದ ತ್ರಿಪದಿಗಳು ಹೇಳುತ್ತವೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೇಳಿ ಬರೆದುಕೊಂಡುದರಿಂದ ೧೯೩೧ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳು ಅದರ ಹಿಂದೆ ಬಂದವು. ಹೆಣ್ಣುಮಕ್ಕಳ ಈ ಬಗೆಯ ಹಾಡುಗಳಲ್ಲಿ ತವರಿನದೇ ದೊಡ್ಡ ಪಾಲು. ಅಣ್ಣನ ಬಂಡಿಯ ಸಪ್ಪಳಕ್ಕೆ ಕಿವಿಗೊಟ್ಟು ಅಗಸೆಯ ಕಡೆಗೆ ನೋಡುವವಳು, ಕರೆಯ ಬಂದವನನ್ನು ಅತ್ತೆ ಬರಿಗೈಯಲ್ಲಿ ಕಳಿಸಿದಳೆಂದು ಒಳಗಿನ ಕೋಣೆಯಲ್ಲಿ ಕಣ್ಣೊರೆಸಿಕೊಳ್ಳುವವಳು, ತಾಯಿ ಸತ್ತ ಮೇಲೆ ಅತ್ತಿಗೆಯ ಮುಖ ನೋಡಿ ಹೊಸ್ತಿಲು ದಾಟಬೇಕಾದವಳು, ಒಡಹುಟ್ಟಿದವರೇ ಇಲ್ಲದವಳು: ಇಂಥವರೆಲ್ಲರ ಮಾತು ಆ ಹಾಡಿನ ಲೋಕದಲ್ಲಿದೆ. ಹಬ್ಬದ ಸಂಭ್ರಮವನ್ನು ವರ್ಣಿಸುವಾಗ ಸಾಮಾನ್ಯವಾಗಿ ಬಂದವರನ್ನೇ ಎಣಿಸಲಾಗುತ್ತದೆ. ಬಾರದೆ ಉಳಿದವರು ಪ್ರತಿ ಊರಿನಲ್ಲಿಯೂ ಇರುತ್ತಿದ್ದರು. ಓಣಿಯ ಗೆಳತಿಯರೆಲ್ಲ ಬಂಡಿ ಏರಿ ಹೋದ ಮೇಲೆ ಗಂಡನ ಮನೆಯಲ್ಲಿಯೇ ಪಂಚಮಿ ಮಾಡಬೇಕಾದ ಸೊಸೆಗೆ ಆ ಐದು ದಿನಗಳು ಕಠಿಣವಾದವು. ಅಂಥವಳನ್ನು ಅದೇ ಊರಿನ ಬೇರೊಂದು ಮನೆಯವರು ಮಗಳೆಂದು ಕರೆದು ಉಂಡಿ ಕೊಟ್ಟು ಜೋಕಾಲಿಗೆ ಹತ್ತಿಸುವ ರೂಢಿಯೂ ಕೆಲವೆಡೆ ಬೆಳೆದುಬಂದಿತ್ತು. ಅತ್ತೆಮನೆಯಲ್ಲಿ ತಲೆಯ ಮೇಲಿನ ಸೆರಗು ಜಾರಗೊಡದವಳು ಮರದ ತುದಿಗೆ ಕಾಲು ತಾಗುವಂತೆ ಜೀಕುವುದು ವರ್ಷದಲ್ಲಿ ಇದೊಂದು ಸಲ, ತನ್ನ ಊರಿನಲ್ಲಿ ಮಾತ್ರ.

ಹಾಲೆರೆಯುವಾಗ ಮನೆಯವರ ಹೆಸರನ್ನು ಹಿಡಿದು ದೇವರ ಪಾಲು, ಗುರುವಿನ ಪಾಲು, ತಾಯಿಯ ಪಾಲು, ತಂದೆಯ ಪಾಲು, ಅಣ್ಣನ ಪಾಲು, ತಂಗಿಯ ಪಾಲು ಎಂದು ಒಬ್ಬೊಬ್ಬರಿಗಾಗಿ ಎರೆಯುವುದುಂಟು. ಹೊಲಮನೆ ಹಂಚುವಾಗ ಬಳಸುವುದೂ ಇದೇ ‘ಪಾಲು’ ಎಂಬ ಮಾತು. ಹಾಲಿನ ಪಾಲಿನಲ್ಲಿ ಹೆಸರಿದ್ದ ಮಗಳಿಗೆ ಹೊಲದ ಪಾಲಿನಲ್ಲಿ ಹೆಸರಿರಲಿಲ್ಲ. ವರ್ಷಕ್ಕೊಮ್ಮೆಯ ಕರೆ, ಒಂದು ಸೀರೆ, ಒಂದು ಕುಬಸ, ಒಂದು ಬುತ್ತಿ ಉಂಡಿ, ಇವಿಷ್ಟೇ ಆ ಮನೆಯ ಮೇಲಿನ ಅವಳ ಹಕ್ಕಿನ ಗುರುತಾಗಿ ಉಳಿದಿದ್ದವು. ಅಣ್ಣ ಬಾರದಿದ್ದರೆ ಆಗುತ್ತಿದ್ದ ದುಃಖವು ಕೇವಲ ಮಮತೆಯ ದುಃಖವಲ್ಲ. ಹಕ್ಕು ತಪ್ಪಿದ ದುಃಖವೂ ಅದರಲ್ಲಿ ಸೇರಿತ್ತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟರೂ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗನ ಸಮಾನಳನ್ನಾಗಿ ಮಾಡಲಿಲ್ಲ. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಜಾರಿಗೆ ಬಂದು ಆ ಹಕ್ಕನ್ನು ಕೊಟ್ಟಿತಾದರೂ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಪಂಚಮಿಗೆ ಅಣ್ಣ ಯಾರನ್ನು ಕರೆಯಹೋಗುತ್ತಾನೋ ಅವರನ್ನೇ ಕಾಯಿದೆ ಮರೆತಿತ್ತೆನ್ನಬೇಕು. ೨೦೦೫ರ ಕೇಂದ್ರದ ತಿದ್ದುಪಡಿಯಲ್ಲಿ ಈ ಭೇದ ಹೋಯಿತು. ಅಂದಿನಿಂದ ಹಬ್ಬಕ್ಕೆ ಬಂದ ಹೆಣ್ಣುಮಗಳ ಮುಂದೆ ಉಂಡಿಯ ತಟ್ಟೆಯೊಡನೆ ಹಕ್ಕುಬಿಡುಗಡೆಯ ಪತ್ರವನ್ನೂ ಇಡುವ ಮನೆಗಳಿವೆ. ಪಾಲು ಕೇಳಿದ ತಂಗಿಯನ್ನು ಮರುವರ್ಷ ಕರೆಯದೆ ಬಿಟ್ಟ ಅಣ್ಣಂದಿರೂ ಇದ್ದಾರೆ. ಪತ್ರಕ್ಕೆ ಸಹಿ ಹಾಕಿ ತವರನ್ನು ಉಳಿಸಿಕೊಂಡೆನೆಂದು ಹೇಳುವ ಅಕ್ಕಂದಿರೂ ಇದ್ದಾರೆ. ಹಳೆಯ ಹಾಡುಗಳಲ್ಲಿ ಇದಕ್ಕೆ ಮಾತಿಲ್ಲ. ಹಾಡುವವರಿದ್ದಿದ್ದರೆ ಈ ವೇಳೆಗೆ ತ್ರಿಪದಿಯಾಗಿರುತ್ತಿತ್ತು.

ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದುದು ಶ್ರಾವಣ ಶುದ್ಧ ಪಂಚಮಿಯಂದೇ ಎಂಬ ನಂಬಿಕೆ ಶರಣಸಂಪ್ರದಾಯದಲ್ಲಿದೆ. ಈಚಿನ ದಶಕಗಳಲ್ಲಿ ಹಲವು ಮಠಗಳೂ ಸಂಘಗಳೂ ಈ ದಿನವನ್ನು ಬಸವಪಂಚಮಿಯೆಂದು ಆಚರಿಸಿ, ಹುತ್ತಕ್ಕೆ ಹೋಗುವ ಹಾಲನ್ನು ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ರೋಗಿಗಳಿಗೆ ಕೊಡುತ್ತಿವೆ. ಉಣ್ಣಬಲ್ಲವರಿಗೆ ಉಣಿಸಬೇಕೆಂಬ ವಚನದ ಆಶಯಕ್ಕೆ ಇದು ಸರಿಹೊಂದುತ್ತದೆ. ಗಮನಿಸಬೇಕಾದುದೇನೆಂದರೆ, ಪಂಚಮಿಯ ಅಡಿಗೆಮನೆಯು ಈ ಕೆಲಸವನ್ನು ತನ್ನ ರೀತಿಯಲ್ಲಿ ಮೊದಲಿನಿಂದಲೂ ಮಾಡುತ್ತಲೇ ಬಂದಿದೆ. ಒಂದು ಬಟ್ಟಲು ಹಾಲು ನಾಗನ ಪಾಲಾದರೆ ಡಬ್ಬಿಗಟ್ಟಲೆ ಉಂಡಿಗಳು ಮಗಳಿಗೆ, ಮೊಮ್ಮಕ್ಕಳಿಗೆ, ಆಯಗಾರರಿಗೆ, ಓಣಿಯ ಮನೆಗಳಿಗೆ ಹೋಗಿವೆ. ಹುತ್ತದ ಹಾಲನ್ನು ಮಕ್ಕಳಿಗೆ ತಿರುಗಿಸಿದ ಮನೆಗಳಲ್ಲಿ ಉಂಡಿಯ ಲೆಕ್ಕ ಬದಲಾಗಿಲ್ಲ.

ಈಗ ಬಂಡಿಯ ಬದಲು ಬಸ್ಸು, ಮೋಟಾರು ಸೈಕಲ್ಲುಗಳು ಬಂದಿವೆ. ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಹೋದ ಮನೆತನಗಳಲ್ಲಿ ಕರೆಯ ಬದಲು ಉಂಡಿಯ ಪೊಟ್ಟಣವೇ ಪ್ರಯಾಣ ಮಾಡುತ್ತದೆ. ಹುಬ್ಬಳ್ಳಿ ಧಾರವಾಡಗಳ ಅಂಗಡಿಗಳಲ್ಲಿ ಕಟ್ಟಿದ ಉಂಡಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ರಸ್ತೆ ಅಗಲವಾದ ಊರುಗಳಲ್ಲಿ ಜೋಕಾಲಿಯ ಮರಗಳು ಹೋಗಿವೆ. ಆದರೂ ಹಳ್ಳಿಗಳಲ್ಲಿ ಹಬ್ಬದ ಮರುದಿನ ಕರಿ ಮುಗಿಸಿ ಹೆಣ್ಣುಮಕ್ಕಳು ಹೊರಡುವಾಗ ತಾಯಿ ಬುತ್ತಿಯ ಗಂಟನ್ನು ಬಿಗಿಯುತ್ತಾಳೆ. ಅದರಲ್ಲಿ ಗಂಡನ ಮನೆಯವರಿಗೆಷ್ಟು, ಆ ಊರ ಓಣಿಯವರಿಗೆಷ್ಟು, ಮಗಳಿಗೆ ಮುಚ್ಚಿಟ್ಟುಕೊಳ್ಳಲು ಎಷ್ಟು ಎಂಬ ಲೆಕ್ಕವಿರುತ್ತದೆ. ಬಂದ ಮಗಳ ಬುತ್ತಿ ಎಷ್ಟು ದೊಡ್ಡದೆಂದು ನೋಡುವ ಕಣ್ಣುಗಳು ಆ ಓಣಿಯಲ್ಲಿಯೂ ಇರುತ್ತವೆ ಎಂಬುದು ಆಕೆಗೆ ಗೊತ್ತು. ಒಂದು ಕಾಲಕ್ಕೆ ಆಕೆಯೂ ಅಂಥದೇ ಬುತ್ತಿ ಹೊತ್ತು ಬಂದವಳು. ಬಂಡಿ ಇರುವ ಮನೆಯಲ್ಲಿ ಜೋಕಾಲಿಯ ಹಗ್ಗವನ್ನು ಬಿಚ್ಚಿ, ಹೇರು ಬಿಗಿಯಲಿಕ್ಕೆಂದು ಮತ್ತೆ ಅಟ್ಟದ ಮೇಲೆ ಇಡುತ್ತಾರೆ.